ವೆನ್‌ಫ್ಲಾನ್ ಯಾವಾಗ ಬದಲಿಸಬೇಕು? ಪುರಾವೆ ಆಧಾರಿತ ಆರೈಕೆಯನ್ನು ವಾರ್ಡಿನಿಂದ ಕಲಿಸುವ ಟಿಪ್ಪಣಿ

ಎಂಎಸ್ಸಿ ನರ್ಸಿಂಗ್ ಮೊದಲ ವರ್ಷದಲ್ಲಿ ನಮಗೆಲ್ಲ ಪ್ರಾಕ್ಟೀಸ್ ಟೀಚಿಂಗ್ ಇರುತ್ತದೆ ಅಲ್ವಾ? ನನ್ನ ಪಾಲಿಗೆ ಬಂದದ್ದು ಬಿಎಸ್ಸಿ ವಿದ್ಯಾರ್ಥಿಗಳಿಗೆ ಎವಿಡೆನ್ಸ್ ಬೇಸ್ಡ್ ಪ್ರಾಕ್ಟೀಸ್, ಅಂದರೆ ಪುರಾವೆ ಆಧಾರಿತ ಆರೈಕೆ. ಮೊದಲ ಬ್ಯಾಚಿಗೆ ಕ್ಲಾಸಿನಲ್ಲಿ ಕೂರಿಸಿ ಸ್ಲೈಡ್ ತೋರಿಸಿದೆ. ವ್ಯಾಖ್ಯೆ, ಹಂತಗಳು, ಯಾವ ಬಗೆಯ ಪುರಾವೆ ಹೆಚ್ಚು ಗಟ್ಟಿ ಅಂತ ಮೆಟ್ಟಿಲಾಗಿ ತೋರಿಸುವ ಪಿರಮಿಡ್ ಚಿತ್ರ ಎಲ್ಲ ಇತ್ತು. ಎಲ್ಲರೂ ಚೆನ್ನಾಗಿ ಬರೆದುಕೊಂಡರು. ಮರುವಾರ ವಾರ್ಡಿನಲ್ಲಿ ಕೇಳಿದರೆ, ಅದನ್ನು ರೋಗಿಯ ಹತ್ತಿರ ಹೇಗೆ ಬಳಸುವುದು ಅಂತ ಒಬ್ಬರಿಗೂ ಗೊತ್ತಿರಲಿಲ್ಲ. ಎರಡನೇ ಬ್ಯಾಚಿಗೆ ಪಾಠವನ್ನು ವಾರ್ಡಿನಲ್ಲೇ ಶುರು ಮಾಡಿದೆ. ಆ ಪಾಠ ಹೇಗೆ ನಡೆಯಿತು ಅಂತ ಇಲ್ಲಿ ಬರೆದಿದ್ದೇನೆ.

ಪರೀಕ್ಷೆಗೆ ಬೇಕಾದದ್ದನ್ನು ಮೊದಲು ಮುಗಿಸಿಬಿಡೋಣ. 'ಎವಿಡೆನ್ಸ್ ಬೇಸ್ಡ್ ಮೆಡಿಸಿನ್' ಎಂಬ ಹೆಸರನ್ನು 1991ರಲ್ಲಿ ಬಳಕೆಗೆ ತಂದವರು ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಗಾರ್ಡನ್ ಗಯಾಟ್. 1996ರಲ್ಲಿ ಡೇವಿಡ್ ಸ್ಯಾಕೆಟ್ ಮತ್ತು ಜೊತೆಗಾರರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅದರ ಅರ್ಥವನ್ನು ಬಿಡಿಸಿ ಹೇಳಿದರು. ಮೂರು ವಿಷಯ ಒಟ್ಟಿಗೆ ಸೇರಬೇಕು: ಒಳ್ಳೆಯ ಸಂಶೋಧನೆಯ ಪುರಾವೆ, ಆರೈಕೆ ಮಾಡುವವರ ಅನುಭವ, ರೋಗಿಯ ಇಷ್ಟ ಮತ್ತು ಪರಿಸ್ಥಿತಿ. ಹಂತಗಳು ಐದು. ಪ್ರಶ್ನೆ ಕೇಳು, ಹುಡುಕು, ತೂಗಿ ನೋಡು, ಬಳಸು, ಫಲ ಏನಾಯಿತು ನೋಡು. ಇದನ್ನು ಬಾಯಿಪಾಠ ಮಾಡೋದು ಕಷ್ಟವಲ್ಲ. ಮಾಡಿ ತೋರಿಸೋದು ಬೇರೆ ಮಾತು.

ವಾರ್ಡೇ ಯಾಕೆ ಬೇಕು? 2004ರಲ್ಲಿ ಅದೇ ಜರ್ನಲ್‌ನಲ್ಲಿ ಕೂಮರಸ್ವಾಮಿ ಮತ್ತು ಖಾನ್ ಅವರ ಒಂದು ವಿಮರ್ಶೆ ಬಂತು. ಈ ವಿಷಯವನ್ನು ಬೇರೆಯಾಗಿ ಕ್ಲಾಸಿನಲ್ಲಿ ಮಾತ್ರ ಕಲಿಸಿದರೆ ತಿಳಿವಳಿಕೆ ಹೆಚ್ಚುತ್ತದೆ, ಅಷ್ಟೇ. ರೋಗಿಗಳ ಆರೈಕೆಯ ಜೊತೆಗೇ ಕಲಿಸಿದರೆ ಕೌಶಲ, ಮನೋಭಾವ, ನಡವಳಿಕೆ ಕೂಡ ಬದಲಾಗುತ್ತವೆ. ಅದರ ಸಾರ ಇದು. ಆದರೆ ಒಂದು ಮಾತು ಗಮನದಲ್ಲಿರಲಿ. ಆ ವಿಮರ್ಶೆ ಪದವಿ ಮುಗಿಸಿದವರ ಕಲಿಕೆಯ ಬಗ್ಗೆ. ಪದವಿ ವಿದ್ಯಾರ್ಥಿಗಳಿಗೂ ಹಾಗೇ ಆಗುತ್ತದೆ ಎಂಬುದು ನನ್ನ ಅಂದಾಜು. ಪುರಾವೆ ಬಗ್ಗೆ ಪಾಠ ಮಾಡುವವರು ಇಂಥ ವ್ಯತ್ಯಾಸವನ್ನು ಮಕ್ಕಳ ಮುಂದೆ ಬಾಯಿಬಿಟ್ಟು ಹೇಳಬೇಕು.

ಈಗ ವಾರ್ಡಿಗೆ ಬರೋಣ. ಮೆಡಿಕಲ್ ವಾರ್ಡಿನಲ್ಲಿ ಒಬ್ಬ ಅಜ್ಜಿ ಇದ್ದರು. ಕೈಯಲ್ಲಿ ನರ ಸಿಗುವುದೇ ಕಷ್ಟ. ಮೂರು ದಿನ ಆಯಿತು ಅಂತ ಚೆನ್ನಾಗಿದ್ದ ವೆನ್‌ಫ್ಲಾನ್ (ಡ್ರಿಪ್, ಔಷಧಿ ಕೊಡಲು ರಕ್ತನಾಳದೊಳಗೆ ಇಡುವ ಸಣ್ಣ ಕೊಳವೆ, ಅಂದರೆ ಕ್ಯಾನುಲಾ) ತೆಗೆದು ಹೊಸದು ಹಾಕಲು ನಾಲ್ಕು ಕಡೆ ಚುಚ್ಚಬೇಕಾಯಿತು. ಎರಡನೇ ವರ್ಷದ ಹುಡುಗಿಯೊಬ್ಬಳು ಕೇಳಿದಳು: "ಮೇಡಂ, ಊತ ಇರಲಿಲ್ಲ, ನೋವೂ ಇರಲಿಲ್ಲ. ಮತ್ಯಾಕೆ ತೆಗೆದ್ರು?" ನನಗೆ ಗೊತ್ತಿದ್ದದ್ದು "72 ಗಂಟೆ ಆಯಿತು" ಅನ್ನೋ ಉತ್ತರ ಮಾತ್ರ. ಅದನ್ನು ಹೇಳಲಿಲ್ಲ. ಹುಡುಕೋಣ ಬಾ ಅಂದೆ.

ಮೊದಲು ಪ್ರಶ್ನೆಯನ್ನು ಪಿಕೊ ಅಚ್ಚಿಗೆ ತಂದೆವು. ಪಿ ಅಂದರೆ ಯಾರು: ಕೈಯಲ್ಲಿ ಕ್ಯಾನುಲಾ ಇರುವ ದೊಡ್ಡವರು. ಐ ಅಂದರೆ ಏನು ಮಾಡುವುದು: ತೊಂದರೆ ಕಂಡಾಗ ಮಾತ್ರ ಬದಲಿಸುವುದು. ಸಿ ಅಂದರೆ ಯಾವುದಕ್ಕೆ ಹೋಲಿಸಿ: ಮೂರು ದಿನಕ್ಕೊಮ್ಮೆ ಬದಲಿಸುವುದು. ಓ ಅಂದರೆ ಫಲ. ಇಲ್ಲಿ ಮಕ್ಕಳೆಲ್ಲ ಒಂದೇ ದನಿಯಲ್ಲಿ "ಫ್ಲೆಬೈಟಿಸ್" ಅಂದರು. ರಕ್ತನಾಳ ಕೆಂಪಾಗಿ, ಊದಿ, ಮುಟ್ಟಿದರೆ ನೋಯುವುದು. ಈ ಓ ಅನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದೇ ನಮ್ಮನ್ನು ನಿಲ್ಲಿಸಿತು.

ಹುಡುಕಲು ಪಬ್‌ಮೆಡ್ (ವೈದ್ಯಕೀಯ ಸಂಶೋಧನಾ ಲೇಖನಗಳನ್ನು ಹುಡುಕುವ ಜಾಲತಾಣ) ಸಾಕು, ದುಡ್ಡು ಕೊಡಬೇಕಿಲ್ಲ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕಾಲೇಜುಗಳಾದರೆ ಹೆಲಿನೆಟ್ ಎಂಬ ಡಿಜಿಟಲ್ ಗ್ರಂಥಾಲಯದ ಮೂಲಕವೂ ಜರ್ನಲ್ ಸಿಗುತ್ತವೆ. ಮಕ್ಕಳು ಮೊದಲು 'ವೆನ್‌ಫ್ಲಾನ್' ಅಂತ ಟೈಪ್ ಮಾಡಿದರು. ಬೇಕಾದ್ದು ಸಿಗಲಿಲ್ಲ. ಅದು ಕಂಪನಿ ಇಟ್ಟ ಬ್ರಾಂಡ್ ಹೆಸರು. 'ಪೆರಿಫೆರಲ್ ಕ್ಯಾತಿಟರ್', 'ರಿಪ್ಲೇಸ್‌ಮೆಂಟ್' ಎಂಬ ಪದಗಳನ್ನು 'ಆಂಡ್' ಹಾಕಿ ಸೇರಿಸಿದ ಮೇಲೆ ದಾರಿ ತೆರೆಯಿತು. ವಾರ್ಡಿನ ಮಾತನ್ನು ಸಂಶೋಧನೆಯ ಮಾತಿಗೆ ಬದಲಿಸುವ ಅಭ್ಯಾಸವನ್ನು ಬೇರೆಯಾಗಿ ಕೂರಿಸಿ ಮಾಡಿಸಿ. ನಮ್ಮ ಮಕ್ಕಳು ಜಾಸ್ತಿ ಸೋಲುವುದು ಇಲ್ಲೇ.

ಸಿಕ್ಕಿದ ಮುಖ್ಯ ಪ್ರಯೋಗ 2012ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಜರ್ನಲ್‌ನಲ್ಲಿ ಬಂದದ್ದು. ಕ್ಲೇರ್ ರಿಕಾರ್ಡ್ ಮತ್ತು ತಂಡ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನ ಮೂರು ಆಸ್ಪತ್ರೆಗಳಲ್ಲಿ ಮಾಡಿದ್ದು. ರೋಗಿಗಳು 3283. ಚೀಟಿ ಎತ್ತಿದ ಹಾಗೆ, ಯಾರ ಇಷ್ಟಕ್ಕೂ ಬಿಡದೆ, ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮೂರು ದಿನಕ್ಕೊಮ್ಮೆ ಬದಲಾವಣೆ, ಇನ್ನೊಂದಕ್ಕೆ ತೊಂದರೆ ಬಂದಾಗ ಮಾತ್ರ. ಫ್ಲೆಬೈಟಿಸ್ ಎರಡೂ ಗುಂಪಿನಲ್ಲಿ 7%. ಮಕ್ಕಳಿಗೆ ಖುಷಿಯೋ ಖುಷಿ. ಅಜ್ಜಿಗೆ ಸುಮ್ನೆ ಚುಚ್ಚಿದರು ಅಂತ ತೀರ್ಮಾನವೂ ಆಗಿಹೋಯಿತು.

ನಾನು ಅವರನ್ನು ಇನ್ನೊಂದು ವಾರ ಕಾಯಿಸಿದೆ. ನಮ್ಮ ಓ ಫ್ಲೆಬೈಟಿಸ್ ಆಗಿತ್ತು. ಆದರೆ ಕ್ಯಾನುಲಾದಿಂದ ಬರುವ ದೊಡ್ಡ ಭಯ ರಕ್ತಕ್ಕೇ ಸೋಂಕು ಹತ್ತುವುದು. ಅದು ತೀರಾ ಅಪರೂಪ. ಮೂರು ಸಾವಿರ ಜನರ ಪ್ರಯೋಗದಲ್ಲಿ ಅದರ ವ್ಯತ್ಯಾಸ ಕಾಣಿಸುವುದಿಲ್ಲ. ಅಪರೂಪದ್ದನ್ನು ನೋಡಬೇಕಾದರೆ ಲಕ್ಷಗಟ್ಟಲೆ ಲೆಕ್ಕ ಬೇಕು. ಅಂಥದ್ದೊಂದು 2021ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಜಿನೀವಾದಿಂದ ಬಂತು. ಅಲ್ಲಿನ ವಿಶ್ವವಿದ್ಯಾಲಯ ಆಸ್ಪತ್ರೆಗಳು ದಿನ ಲೆಕ್ಕ ಹಾಕಿ ಬದಲಿಸುವುದನ್ನು ಬಿಟ್ಟು, ತೊಂದರೆ ಕಂಡಾಗ ಬದಲಿಸುವ ಪದ್ಧತಿಗೆ ಹೋಗಿದ್ದವು. 4 ಲಕ್ಷಕ್ಕೂ ಜಾಸ್ತಿ ಕ್ಯಾನುಲಾಗಳ ದಾಖಲೆ ನೋಡಿದಾಗ, ಆ ಅವಧಿಯಲ್ಲಿ ರಕ್ತದ ಸೋಂಕು ಏರಿದ್ದು ಕಂಡಿತು. ಅವರು ಹಳೇ ಪದ್ಧತಿಗೆ ಮರಳಿದರು.

ಹಾಗಾದರೆ ಯಾವುದು ಸರಿ ಅಂತ ಮಕ್ಕಳು ಕೇಳಿದರು. ನನ್ನ ಪ್ರಕಾರ ಇಡೀ ಪಾಠದ ಜೀವ ಈ ಗಳಿಗೆಯಲ್ಲಿತ್ತು. ಲ್ಯಾನ್ಸೆಟ್‌ನದು ಚೀಟಿ ಎತ್ತಿದ ಪ್ರಯೋಗ, ಪಿರಮಿಡ್ಡಿನಲ್ಲಿ ಮೇಲಿನ ಮೆಟ್ಟಿಲು. ಜಿನೀವಾದ್ದು ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು ಅಂತ ನೋಡಿದ ಅಧ್ಯಯನ, ಕೆಳಗಿನ ಮೆಟ್ಟಿಲು. ಬೇರೆ ಕಾರಣಗಳೂ ಸೇರಿಕೊಂಡಿರಬಹುದು. ಆದರೆ ಸೋಂಕಿನ ಪ್ರಶ್ನೆಗೆ ಬೇಕಾದಷ್ಟು ಲೆಕ್ಕ ಇರುವುದು ಅದರಲ್ಲೇ. ಪಿರಮಿಡ್ ನೋಡಿ "ಇದು ಮೇಲಿದೆ, ಇದೇ ಗೆದ್ದಿತು" ಅನ್ನುವವರು ತೂಗಿ ನೋಡುವುದನ್ನು ಕಲಿತಿಲ್ಲ. ಯಾವ ಪ್ರಶ್ನೆಗೆ ಯಾವ ಪುರಾವೆ ಅಂತ ಕೇಳಬೇಕು.

ಫಲಿತಾಂಶದ ಅಂಕಿಗಳನ್ನು ಓದುವ ಲೆಕ್ಕದ ಭಾಗಕ್ಕೆ ನಾನು ಬೇರೆ ಉದಾಹರಣೆ ತೆಗೆದುಕೊಂಡೆ, ಕಾಂಗರೂ ಆರೈಕೆ, ಅಂದರೆ ಮಗುವನ್ನು ತಾಯಿಯ ಎದೆಯ ಮೇಲೆ ಚರ್ಮಕ್ಕೆ ಚರ್ಮ ತಾಗುವಂತೆ ಇಡುವುದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಯೋಗ, 2021ರಲ್ಲಿ ಪ್ರಕಟವಾಯಿತು. ದೆಹಲಿಯ ಸಫ್ದರ್‌ಜಂಗ್ ಸೇರಿ ಐದು ದೇಶಗಳ ಐದು ಆಸ್ಪತ್ರೆಗಳಲ್ಲಿ ನಡೆದದ್ದು. ಕಡಿಮೆ ತೂಕದ ಮಗುವನ್ನು ಹುಟ್ಟಿದ ಕೂಡಲೇ ತಾಯಿಯ ಎದೆಗೆ ಕೊಟ್ಟ ಗುಂಪಿನಲ್ಲಿ 28 ದಿನದೊಳಗೆ ತೀರಿಕೊಂಡವು 12.0%. ಮಗು ಸ್ಥಿರವಾಗುವ ತನಕ ಕಾದ ಗುಂಪಿನಲ್ಲಿ 15.7%. "ಸಾವು ಸುಮಾರು 25% ಇಳಿಯಿತು" ಅಂದರೂ ಸರಿ. "ನೂರಕ್ಕೆ ನಾಲ್ಕು ಮಕ್ಕಳು ಹತ್ತಿರ ಹತ್ತಿರ ಉಳಿದವು" ಅಂದರೂ ಸರಿ. 100 ಅನ್ನು 3.7ರಿಂದ ಭಾಗಿಸಿದರೆ 27. ಅಂದರೆ 27 ಮಕ್ಕಳಿಗೆ ಹೀಗೆ ಮಾಡಿದರೆ ಒಂದು ಜೀವ ಹೆಚ್ಚು ಉಳಿಯುತ್ತದೆ. ಸೂತ್ರ ಬರೆಸುವ ಮೊದಲು ಈ ಭಾಗಾಕಾರ ಮಾಡಿಸಿ. 27 ತೊಟ್ಟಿಲು ಕಣ್ಣ ಮುಂದೆ ಬಂದರೆ ಮರೆಯುವುದಿಲ್ಲ.

ಬಳಸುವ ಹಂತದಲ್ಲಿ ಒಂದು ಎಚ್ಚರಿಕೆ ಹೇಳಿ. ವಿದ್ಯಾರ್ಥಿಗಳು ಆಸ್ಪತ್ರೆಯ ನಿಯಮವನ್ನು ತಾವಾಗಿ ಮುರಿಯುವಂತಿಲ್ಲ. ಓದಿದ್ದನ್ನು ಒಂದು ಪುಟದಲ್ಲಿ ಬರೆದು ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಕೂತು ಮಾತಾಡಬೇಕು. ನಮ್ಮವರು ಹಾಗೇ ಮಾಡಿದರು. ಸಿಸ್ಟರ್ ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು: "ತೊಂದರೆ ಕಂಡಾಗ ಬದಲಿಸಬೇಕು ಅಂದ್ರೆ, ಪ್ರತಿ ಶಿಫ್ಟಿನಲ್ಲಿ ಯಾರಾದ್ರೂ ನೋಡ್ತಿರಬೇಕಲ್ಲಮ್ಮ. ನಾವು ನೋಡ್ತಿದೀವಾ?" ಅವರ ಇಪ್ಪತ್ತು ವರ್ಷದ ಅನುಭವ ಆ ಮಾತಿನಲ್ಲಿತ್ತು. ಸ್ಯಾಕೆಟ್ ಹೇಳಿದ ಎರಡನೇ ಭಾಗ ಅಂದರೆ ಇದೇ.

ಉತ್ತರ ಹುಡುಕಲು ಮಕ್ಕಳು ಎರಡು ದಿನ ವಾರ್ಡಿನ ಪ್ರತಿ ಹಾಸಿಗೆಗೆ ಹೋಗಿ ನೋಡಿದರು. ಎಷ್ಟೋ ಕ್ಯಾನುಲಾಗಳ ಪ್ಲಾಸ್ಟರ್ ಮೇಲೆ ಹಾಕಿದ ತಾರೀಖೇ ಇರಲಿಲ್ಲ. ಮೂರು ದಿನದ ನಿಯಮವಾಗಲಿ, ತೊಂದರೆ ಕಂಡಾಗ ಅನ್ನುವ ನಿಯಮವಾಗಲಿ, ತಾರೀಖಿಲ್ಲದೆ, ದಿನಾ ನೋಡದೆ ಎರಡೂ ನಡೆಯುವುದಿಲ್ಲ. ಆವತ್ತಿನಿಂದ ಆ ಬ್ಯಾಚಿನವರು ಜೇಬಿನಲ್ಲಿ ಮಾರ್ಕರ್ ಪೆನ್ ಇಟ್ಟುಕೊಂಡೇ ಪೋಸ್ಟಿಂಗಿಗೆ ಬರುತ್ತಾರೆ. ಅಜ್ಜಿಯ ಹೊಸ ಪ್ಲಾಸ್ಟರ್ ಮೇಲೆ ಮೊದಲು ತಾರೀಖು ಬರೆದವಳು, ಪ್ರಶ್ನೆ ಕೇಳಿದ ಆ ಹುಡುಗಿಯೇ.