ಗರ್ಭಪಾತದ ಒಪ್ಪಿಗೆ ಪತ್ರದಲ್ಲಿ ಒಂದೇ ಸಹಿಗೆ ಜಾಗವಿದೆ

ಕೆಲವು ತಿಂಗಳ ಹಿಂದೆ ನನ್ನೆದುರು ಕುಳಿತಿದ್ದ ಹೆಣ್ಣುಮಗಳೊಬ್ಬಳು ಪರ್ಸಿನಿಂದ ಸ್ಕ್ಯಾನಿಂಗ್ ವರದಿಯನ್ನು ಎಳೆದಾಗ, ಅದರ ಮಡಿಕೆಯಲ್ಲಿದ್ದ ನಾಲ್ಕು ಬಸ್ ಟಿಕೆಟ್‌ಗಳೂ ಮೇಜಿನ ಮೇಲೆ ಉದುರಿದವು. ಶಕ್ತಿ ಯೋಜನೆಯ ಶೂನ್ಯ ಟಿಕೆಟ್‌ಗಳು. ಬೇರೊಂದು ಊರಿನ ನರ್ಸಿಂಗ್ ಹೋಂಗೆ ಆಕೆ ಎರಡು ಸಲ ಹೋಗಿ ಬಂದಿದ್ದಳು, ಎರಡು ಸಲವೂ "ಗಂಡನ ಸಹಿ ಹಾಕಿಸಿಕೊಂಡು ಬಾರಮ್ಮ" ಎಂದು ವಾಪಸ್ ಕಳಿಸಿದ್ದರು. ಗಂಡ ಲಾರಿ ಓಡಿಸುವವನು, ತಿಂಗಳಿಗೊಮ್ಮೆ ಮನೆಗೆ ಬರುವವನು. ಮನೆಯಲ್ಲಿ ಎರಡು ಮಕ್ಕಳು, ಚಿಕ್ಕದಕ್ಕೆ ಇನ್ನೂ ಎದೆಹಾಲು ಬಿಡಿಸಿರಲಿಲ್ಲ. ಮೊದಲ ಸಲ ಹೋದಾಗ 7 ವಾರವಾಗಿತ್ತು, ಮಾತ್ರೆಯಲ್ಲೇ ಮುಗಿಯಬಹುದಿತ್ತು. ನನ್ನ ಬಳಿಗೆ ಬರುವ ಹೊತ್ತಿಗೆ 11 ವಾರ ತುಂಬಿ, ಥಿಯೇಟರಿಗೆ ಕರೆದೊಯ್ಯಬೇಕಾಗಿ ಬಂತು. (ಇಲ್ಲಿ ಬರುವ ಎಲ್ಲರ ವಿವರಗಳನ್ನೂ ಗುರುತು ಸಿಗದಂತೆ ಬದಲಿಸಿದ್ದೇನೆ.)

ಇಪ್ಪತ್ತಾರು ವರ್ಷಗಳಿಂದ ಸ್ತ್ರೀರೋಗ ತಜ್ಞೆಯಾಗಿ ಕೆಲಸ ಮಾಡುತ್ತಿರುವ ನಾನು ಅತಿ ಹೆಚ್ಚು ಸಲ ಹೇಳಿರುವ ಮಾತು ಇದೇ ಇರಬೇಕು: ಹದಿನೆಂಟು ತುಂಬಿದ, ಸ್ವಂತ ತಿಳಿವಳಿಕೆಯಿರುವ ಹೆಂಗಸಿನ ಗರ್ಭಪಾತಕ್ಕೆ ಕಾನೂನು ಕೇಳುವುದು ಅವಳೊಬ್ಬಳ ಒಪ್ಪಿಗೆಯನ್ನು. ಗಂಡನದಲ್ಲ, ಅತ್ತೆಯದಲ್ಲ, ತಂದೆಯದಲ್ಲ. ಇದು ಇತ್ತೀಚೆಗೆ ಬಂದ ನಿಯಮವೂ ಅಲ್ಲ. 1971ರಲ್ಲಿ ಸಂಸತ್ತು ಎಂ.ಟಿ.ಪಿ. ಕಾಯ್ದೆಯನ್ನು, ಅಂದರೆ ವೈದ್ಯಕೀಯ ಗರ್ಭಪಾತ ಕಾಯ್ದೆಯನ್ನು, ಅಂಗೀಕರಿಸಿದಾಗಿನಿಂದಲೂ ಹೀಗೆಯೇ ಇದೆ. ಒಪ್ಪಿಗೆ ಪತ್ರವನ್ನು ನಾವು ಫಾರಂ ಸಿ ಎನ್ನುತ್ತೇವೆ. ಅದರಲ್ಲಿ ಆಕೆಯ ಹೆಸರಿಗೂ ಸಹಿಗೂ ಜಾಗವಿದೆ, ಗಂಡನ ಸಹಿಗೆಂದು ಒಂದು ಗೆರೆಯೂ ಇಲ್ಲ. ವಯಸ್ಸು ಹದಿನೆಂಟಕ್ಕಿಂತ ಕಡಿಮೆಯಿದ್ದರೆ ಅಥವಾ ಮಾನಸಿಕ ಅಸ್ವಸ್ಥತೆಯಿದ್ದರೆ ಮಾತ್ರ ಪೋಷಕರ ಲಿಖಿತ ಒಪ್ಪಿಗೆ ಬೇಕು. ಮನೆಯವರ ಒಪ್ಪಿಗೆಯಂಥ, ಕಾನೂನಿನಲ್ಲಿಲ್ಲದ ಷರತ್ತುಗಳನ್ನು ವೈದ್ಯರು ಹೇರಬಾರದು ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಿ ಬಿಡಿಸಿ ಹೇಳಿದೆ.

ಆದರೂ ಸಹಿ ಕೇಳುವವರು ಕೇಳುತ್ತಲೇ ಇದ್ದಾರೆ. ನನ್ನ ವೃತ್ತಿಬಾಂಧವರ ಭಯ ನನಗೆ ಅರ್ಥವಾಗದ್ದೇನಲ್ಲ. ನಾಳೆ ಗಂಡನ ಕಡೆಯವರು ಹತ್ತು ಜನ ಬಂದು ಬಾಗಿಲಲ್ಲಿ ನಿಂತು ಗಲಾಟೆ ಮಾಡಿದರೆ ಸಣ್ಣ ಊರಿನ ಆಸ್ಪತ್ರೆ ನಡೆಸುವುದು ಕಷ್ಟ. ಆದರೆ ಆ ಭಯಕ್ಕೆ ಬೆಲೆ ತೆರುವವಳು ಆಕೆ. ವಾರಗಳ ಲೆಕ್ಕದಲ್ಲಿ, ರಕ್ತಸ್ರಾವದ ಲೆಕ್ಕದಲ್ಲಿ. ಎರಡು ಸಲ ವಾಪಸ್ ಹೋದವಳು ಮೂರನೆಯ ಸಲ ಆಸ್ಪತ್ರೆಯ ಮೆಟ್ಟಿಲು ಹತ್ತದೆ, ಯಾರದೋ ಮೂಲಕ ಮೆಡಿಕಲ್ ಶಾಪಿನಿಂದ ಕಿಟ್ ತರಿಸಿಕೊಂಡು ನುಂಗುತ್ತಾಳೆ. ಗರ್ಭ ನಳಿಕೆಯಲ್ಲಿ ನಿಂತಿದ್ದರೆ ಆ ಮಾತ್ರೆಗಳಿಂದ ಏನೂ ಆಗುವುದಿಲ್ಲ, ನಳಿಕೆ ಒಡೆಯಬಹುದು. ಅಂಥವರನ್ನು ರಾತ್ರಿ ಎರಡು ಗಂಟೆಗೆ ಬಿಳಿಚಿಕೊಂಡ ಮುಖದಲ್ಲಿ ಆಟೋದಿಂದ ಇಳಿಸಿಕೊಂಡಿದ್ದೇನೆ.

ಇದೇ ನಿಯಮಕ್ಕೆ ಇನ್ನೊಂದು ಮಗ್ಗುಲಿದೆ, ಅದನ್ನು ಯಾರೂ ಗಮನಿಸುವುದಿಲ್ಲ. ಅವಳ ಒಪ್ಪಿಗೆ ಸಾಕು ಎಂದರೆ ಬೇರೆಯವರ ಒಪ್ಪಿಗೆ ಸಾಲದು ಎಂದೂ ಅರ್ಥ. "ನಾವೆಲ್ಲ ತೀರ್ಮಾನ ಮಾಡಿಯಾಗಿದೆ ಡಾಕ್ಟ್ರೇ, ತೆಗೆದುಬಿಡಿ" ಎಂದು ಅತ್ತೆಯೋ ಅಣ್ಣನೋ ಹೇಳುವಾಗ ಪಕ್ಕದಲ್ಲಿ ತಲೆ ತಗ್ಗಿಸಿ ಸೆರಗಿನ ಅಂಚು ಸುತ್ತುತ್ತಾ ಕೂತವಳ ಬಾಯಿಂದ ಒಂದು ಮಾತೂ ಬಂದಿರುವುದಿಲ್ಲ. ನಾನು ಎಲ್ಲರನ್ನೂ ಹೊರಗೆ ಕಳಿಸಿ, ಬಾಗಿಲು ಹಾಕಿಸಿ, ಅವಳೊಬ್ಬಳನ್ನೇ ಕೇಳುತ್ತೇನೆ. ಹಾಗೆ ಕೇಳಿದಾಗ "ನನಗೆ ಬೇಕು ಮೇಡಂ" ಎಂದು ಪಿಸುಗುಟ್ಟಿದವಳೊಬ್ಬಳ ಮಗು ಈಗ ಅಂಗನವಾಡಿಗೆ ಹೋಗುತ್ತಿದೆ.

ಒಂದು ಎಚ್ಚರಿಕೆಯನ್ನು ಇಲ್ಲಿ ಸೇರಿಸಲೇಬೇಕು. ಸಹಿ ಅವಳದೇ ಆದರೂ ಕೇಳಿದ ಕೂಡಲೇ ಮಾಡಿಬಿಡುವ ಕೆಲಸ ಇದಲ್ಲ. 2021ರ ತಿದ್ದುಪಡಿಯ ಪ್ರಕಾರ 20 ವಾರದವರೆಗೆ ಒಬ್ಬ ವೈದ್ಯರ, 20ರಿಂದ 24 ವಾರದವರೆಗೆ ಕೆಲವು ನಿರ್ದಿಷ್ಟ ಸಂದರ್ಭಗಳಲ್ಲಿ ಇಬ್ಬರು ವೈದ್ಯರ ಅಭಿಪ್ರಾಯ ಬೇಕು. ಅದರಾಚೆ, ಭ್ರೂಣದಲ್ಲಿ ಗಂಭೀರ ದೋಷವಿದ್ದರೆ, ವೈದ್ಯಕೀಯ ಮಂಡಳಿ ನಿರ್ಧರಿಸಬೇಕು. ಒಬ್ಬೊಬ್ಬರ ದೇಹಸ್ಥಿತಿಯೂ ಬೇರೆಯಾದ್ದರಿಂದ ಈ ಅಂಕಣ ಓದಿ ಯಾರೂ ತಮ್ಮ ವಿಷಯವನ್ನು ತಾವೇ ತೀರ್ಮಾನಿಸಿಕೊಳ್ಳಬಾರದು.

ಆಸ್ಪತ್ರೆಗಳಲ್ಲಿ ತೂಗುಹಾಕಿರುವ "ಭ್ರೂಣಲಿಂಗ ಪತ್ತೆ ಶಿಕ್ಷಾರ್ಹ ಅಪರಾಧ" ಎಂಬ ಫಲಕವನ್ನು ನೋಡಿ ಗರ್ಭಪಾತವೇ ಅಪರಾಧವೆಂದು ತಿಳಿದವರೂ ಬಹಳ ಮಂದಿ. ಅದು 1994ರ ಬೇರೆ ಕಾಯ್ದೆ. 2023ರಲ್ಲಿ ಮಂಡ್ಯ ಸೀಮೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಹೆಣ್ಣುಭ್ರೂಣ ಪತ್ತೆ ಮಾಡುತ್ತಿದ್ದ ಜಾಲ ಬಯಲಾದಾಗ ನನಗೆ ಬಂದ ಸಿಟ್ಟು ಇನ್ನೂ ಆರಿಲ್ಲ. ಆದರೆ ಆ ಪಾಪವನ್ನು, ಎರಡು ಮಕ್ಕಳನ್ನು ಸಾಕಲು ಹೆಣಗುತ್ತಿರುವವಳ ತಲೆಗೆ ಕಟ್ಟುವುದು ನ್ಯಾಯವಲ್ಲ.

ಇನ್ನು, ಈ ಕೆಲಸ ಮಾಡುವವರ ಮನಸ್ಸಿನ ವಿಚಾರ. ನಮ್ಮಲ್ಲೂ ಒಮ್ಮತವಿಲ್ಲ. ನನಗೆ ಪಾಠ ಹೇಳಿದ ಹಿರಿಯ ಪ್ರಾಧ್ಯಾಪಕಿಯೊಬ್ಬರು ಕಟ್ಟಾ ಆಚಾರವಂತರ ಮನೆಯವರು. 1971ಕ್ಕೂ ಮುಂಚೆ ಹೌಸ್ ಸರ್ಜನ್ ಆಗಿದ್ದಾಗ, ಸೂಲಗಿತ್ತಿಯರ ಕೈಯಲ್ಲಿ ಎಕ್ಕದ ಕಡ್ಡಿ ಹಾಕಿಸಿಕೊಂಡು ನಂಜೇರಿ ಬಂದವರನ್ನು ವಾರ್ಡಿನ ಕೊನೆಯ ಮಂಚಗಳಲ್ಲಿ ಕಂಡವರು. ಆ ನಂಜಿನ ವಾಸನೆಯನ್ನು ನೆನೆಸಿಕೊಂಡಾಗಲೆಲ್ಲ ಅವರ ದನಿ ತಗ್ಗುತ್ತಿತ್ತು. ನನ್ನ ಸಹಪಾಠಿಯೊಬ್ಬರು ತಾಯಿಯ ಜೀವಕ್ಕೆ ಅಪಾಯವಿದ್ದರಷ್ಟೇ ಗರ್ಭಪಾತ ಮಾಡುತ್ತಾರೆ. ಉಳಿದವರಿಗೆ ನನ್ನ ಫೋನ್ ನಂಬರ್ ಕೊಟ್ಟು ಅಂದೇ ಕಳಿಸಿಕೊಡುತ್ತಾರೆ. ನಮ್ಮ ಆಸ್ಪತ್ರೆಯ ಹಿರಿಯ ಸಿಸ್ಟರ್ ಕೆಲಸಕ್ಕೆ ಸೇರಿದ ದಿನವೇ "ಆ ಒಂದಕ್ಕೆ ಮಾತ್ರ ನನ್ನನ್ನು ಥಿಯೇಟರಿಗೆ ಕರೆಯಬೇಡಿ ಡಾಕ್ಟರ್" ಎಂದಿದ್ದರು. ನಾನು ಕರೆದಿಲ್ಲ. ಆದರೆ ಹೊರಗೆ ತಂದು ಮಲಗಿಸಿದ ಮೇಲೆ ಬಿಸಿ ಗಂಜಿ ಹಿಡಿದು ಬಂದು, ಪೇಷೆಂಟಿನ ಕೂದಲು ಸರಿಮಾಡಿ ಪಕ್ಕದಲ್ಲಿ ಕೂರುವವರು ಅವರೇ. ನಾನಂತೂ ಇದನ್ನು ಮಾಡಬೇಕಾದ ಕೆಲಸವೆಂದೇ ನಂಬಿ ಮಾಡುತ್ತೇನೆ. ವಾರಗಳು ಹೆಚ್ಚಾದಂತೆ ನನ್ನ ಕೈಯೂ ಭಾರವಾಗುತ್ತದೆ ಎಂಬುದನ್ನು ಮುಚ್ಚಿಡುವುದಿಲ್ಲ.

ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳೂ ಬೇರೆಬೇರೆಯಾಗಿ ಯೋಚಿಸಿದ್ದಾರೆ. 2023ರ ಅಕ್ಟೋಬರ್‌ನಲ್ಲಿ, ಬಾಣಂತನದ ಖಿನ್ನತೆಯಿಂದ ಬಳಲುತ್ತಿದ್ದ ಎರಡು ಮಕ್ಕಳ ತಾಯಿಯೊಬ್ಬರ 26 ವಾರದ ಗರ್ಭದ ವಿಷಯದಲ್ಲಿ, ಮೊದಲು ಒಟ್ಟಾಗಿ ಅನುಮತಿ ಕೊಟ್ಟಿದ್ದ ನ್ಯಾಯಮೂರ್ತಿಗಳಾದ ಹಿಮಾ ಕೊಹ್ಲಿ ಮತ್ತು ನಮ್ಮ ಕರ್ನಾಟಕದವರೇ ಆದ ಬಿ.ವಿ. ನಾಗರತ್ನ, ಮಗು ಬದುಕುವ ಸಾಧ್ಯತೆಯಿದೆ ಎಂದು ವೈದ್ಯರು ತಿಳಿಸಿದ ಮೇಲೆ ಎರಡು ಅಭಿಪ್ರಾಯಕ್ಕೆ ಬಂದರು. ತಾಯಿಯ ನಿರ್ಧಾರವನ್ನು ಗೌರವಿಸಬೇಕು ಎಂದವರು ನ್ಯಾ. ನಾಗರತ್ನ. ಕೊನೆಗೆ ಮೂವರ ಪೀಠ ಅನುಮತಿ ನಿರಾಕರಿಸಿತು.

ಭಿನ್ನಾಭಿಪ್ರಾಯಕ್ಕೆ ನನ್ನ ತಕರಾರಿಲ್ಲ. ಅದನ್ನು ಪೇಷೆಂಟಿನ ಮೇಲೆ ಹೊರಿಸಿ ಕಾಯಿಸುವುದಕ್ಕೆ ಇದೆ. ಬೆಳಗಾವಿಯ ಹೆಣ್ಣುಮಗಳು, ದಂತವೈದ್ಯೆ ಸವಿತಾ ಹಾಲಪ್ಪನವರ, 2012ರ ಅಕ್ಟೋಬರ್ 28ರಂದು ಐರ್ಲೆಂಡಿನ ಗಾಲ್ವೇ ನಗರದಲ್ಲಿ ತೀರಿಕೊಂಡರು. 17 ವಾರದ ಗರ್ಭ ಉಳಿಯುವುದಿಲ್ಲವೆಂದು ಗೊತ್ತಾದ ಮೇಲೂ ಭ್ರೂಣದ ಎದೆಬಡಿತ ಇದೆಯೆಂದು ಗರ್ಭಪಾತ ಮಾಡಲಿಲ್ಲ, ಅಷ್ಟರಲ್ಲಿ ನಂಜು ರಕ್ತಕ್ಕೇರಿತ್ತು. ಆ ದೇಶ 2018ರ ಮೇ ತಿಂಗಳಲ್ಲಿ ಜನಮತದ ಮೂಲಕ ತನ್ನ ಸಂವಿಧಾನವನ್ನೇ ಬದಲಿಸಿಕೊಂಡಿತು. ನಮ್ಮಲ್ಲಿ, ತಾಯಿಯ ಪ್ರಾಣ ಉಳಿಸಲು ತಕ್ಷಣ ಬೇಕೆಂದಾದರೆ ವಾರಗಳ ಮಿತಿಯೇ ಅಡ್ಡಿ ಬರುವುದಿಲ್ಲ, ಒಬ್ಬ ವೈದ್ಯರ ತೀರ್ಮಾನ ಸಾಕು.

ಶೂನ್ಯ ಟಿಕೆಟ್‌ಗಳ ಆ ಹೆಣ್ಣುಮಗಳು ಫಾರಂ ಸಿ ಮೇಲೆ ಒಂದೊಂದೇ ಅಕ್ಷರ ಕೂಡಿಸಿ ತನ್ನ ಹೆಸರು ಬರೆದಳು. ಇಪ್ಪತ್ತು ದಿನ ಕಳೆದ ಮೇಲೆ ಅವಳ ಗಂಡ ಒಬ್ಬನೇ ಬಂದು, "ನನ್ನ ಹೆಂಡತಿ ಇಲ್ಲಿಗೆ ಬಂದಿದ್ದಳಾ ಮೇಡಂ?" ಎಂದು ಕೇಳಿದ. ಯಾರು ಬಂದಿದ್ದರು, ಬಂದಿರಲಿಲ್ಲ ಎಂಬುದನ್ನು ಹೊರಗೆಡವಿದರೆ ನನಗೆ ಒಂದು ವರ್ಷದವರೆಗೆ ಸೆರೆವಾಸವಾಗಬಹುದು. ಆಗದಿದ್ದರೂ ನಾನು ಹೇಳುತ್ತಿರಲಿಲ್ಲ. "ಇಲ್ಲಿಗೆ ಬಂದವರ ವಿಷಯ ನಾನು ಯಾರಿಗೂ ಹೇಳುವುದಿಲ್ಲಪ್ಪ, ಏನಿದ್ದರೂ ಅವಳನ್ನೇ ಸಮಾಧಾನದಿಂದ ಕೇಳು" ಎಂದೆ. ಅವನು ಹೊರಗಿನ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತಿದ್ದ. ಸಿಸ್ಟರ್ ಅವನಿಗೂ ಒಂದು ಲೋಟ ಕಾಫಿ ಕೊಟ್ಟರು, ಕುಡಿದು ಎದ್ದುಹೋದ.