ವಾರಕ್ಕೆರಡು ಗಂಟೆ ಬಿಡುವಿರುವವರು ಒಂದು ಮಗುವಿಗೆ ಮಾರ್ಗದರ್ಶಕರಾಗಬಹುದೇ?

ಪ್ರಶ್ನೆ: ನಾನು ಹೊಸನಗರದವನು. ಬ್ಯಾಂಕ್ ಕೆಲಸದಿಂದ ನಿವೃತ್ತನಾಗಿ ಎರಡು ವರ್ಷವಾಯಿತು. ನಮ್ಮೂರಿನ ಹಾಸ್ಟೆಲ್ಲಿನಲ್ಲಿದ್ದು ಹೈಸ್ಕೂಲು ಓದುವ ಮಕ್ಕಳಲ್ಲಿ ಒಬ್ಬರಿಗಾದರೂ ವಾರಕ್ಕೆ ಒಂದೆರಡು ಗಂಟೆ ಜೊತೆಯಾಗಿ ಮಾರ್ಗದರ್ಶನ ಮಾಡಬೇಕೆಂಬ ಆಸೆಯಿದೆ. ಆದರೆ ನಾನು ಶಿಕ್ಷಕನಲ್ಲ, ಪಾಠ ಹೇಳಿ ಅಭ್ಯಾಸವೂ ಇಲ್ಲ. ನನ್ನಂಥವನಿಂದ ಮಗುವಿಗೆ ನಿಜವಾಗಿ ಉಪಯೋಗವಾದೀತೇ? ಆಗುವುದಾದರೆ ಎಲ್ಲಿಂದ ಆರಂಭಿಸಬೇಕು?

ಉತ್ತರ: ಖಂಡಿತ ಆಗುತ್ತದೆ, ಆದರೆ ಅದಕ್ಕೊಂದು ಷರತ್ತಿದೆ. ಶಾಲೆ ತೆರೆಯುವ ದಿನದಿಂದ ವಾರ್ಷಿಕ ಪರೀಕ್ಷೆ ಮುಗಿಯುವವರೆಗೆ, ಒಂದು ಇಡೀ ಶೈಕ್ಷಣಿಕ ವರ್ಷ, ಗೊತ್ತುಪಡಿಸಿದ ದಿನ ತಪ್ಪದೆ ಹೋಗಬಲ್ಲೆ ಎಂಬ ಭರವಸೆ ನಿಮಗೆ ನಿಮ್ಮ ಮೇಲೆಯೇ ಇದ್ದರೆ ಧೈರ್ಯವಾಗಿ ಆರಂಭಿಸಿ. ಮೂರು ತಿಂಗಳು ನೋಡೋಣ ಎಂಬ ಮನಸ್ಸಿದ್ದರೆ ಒಂದೇ ಮಗುವಿನ ಕೈ ಹಿಡಿಯಬೇಡಿ. ಅದರ ಬದಲು ಶಾಲೆಯ ಗ್ರಂಥಾಲಯಕ್ಕೆ ಅಥವಾ ವಿಜ್ಞಾನ ಮೇಳಕ್ಕೆ ನೆರವಾಗಿ, ಅದೂ ಒಳ್ಳೆಯ ಕೆಲಸವೇ.

ಇಷ್ಟು ಖಡಾಖಂಡಿತವಾಗಿ ಹೇಳುವುದಕ್ಕೆ ಕಾರಣವಿದೆ. ಅಮೆರಿಕದಲ್ಲಿ ಈ ಕೆಲಸಕ್ಕೆ ನೂರು ವರ್ಷಕ್ಕೂ ಮಿಕ್ಕಿದ ಚರಿತ್ರೆಯುಂಟು. 1904ರಲ್ಲಿ ನ್ಯೂಯಾರ್ಕ್ ನಗರದ ಮಕ್ಕಳ ನ್ಯಾಯಾಲಯದಲ್ಲಿ ಗುಮಾಸ್ತರಾಗಿದ್ದ ಅರ್ನೆಸ್ಟ್ ಕೌಲ್ಟರ್ ಅವರು, ಕಟಕಟೆಗೆ ಬರುವ ಒಬ್ಬೊಬ್ಬ ಹುಡುಗನಿಗೂ ಊರಿನ ಒಬ್ಬೊಬ್ಬ ಹಿರಿಯರು ಅಣ್ಣನಂತೆ ನಿಲ್ಲಬೇಕೆಂದು ಕೇಳಿಕೊಂಡರು. ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್ ಎಂದು ಇಂದು ಹೆಸರಾಗಿರುವ ಸಂಸ್ಥೆಯ ಬೇರು ಅಲ್ಲಿದೆ. ಆ ಸಂಸ್ಥೆಯ ಕೆಲಸದ ಬಗ್ಗೆ 1995ರಲ್ಲಿ ಪ್ರಕಟವಾದ ಅಧ್ಯಯನವು 10ರಿಂದ 16 ವರ್ಷದ 959 ಮಕ್ಕಳನ್ನು ಹದಿನೆಂಟು ತಿಂಗಳ ಕಾಲ ಗಮನಿಸಿತು. ಮಾರ್ಗದರ್ಶಕರಿದ್ದ ಮಕ್ಕಳು, ಸರದಿಯಲ್ಲಿ ಕಾಯುತ್ತಿದ್ದ ಮಕ್ಕಳಿಗಿಂತ ಸುಮಾರು ಅರ್ಧದಷ್ಟು ದಿನ ಮಾತ್ರ ಶಾಲೆ ತಪ್ಪಿಸಿದ್ದರು. ಅವರು ಮಾದಕ ವಸ್ತುಗಳ ಸಹವಾಸಕ್ಕೆ ಬೀಳುವ ಸಾಧ್ಯತೆಯೂ ಶೇ. 46ರಷ್ಟು ಕಡಿಮೆಯಿತ್ತು. ಆದರೆ ಅದೇ ಮಾಹಿತಿಯನ್ನು ಮತ್ತೆ ಪರಿಶೀಲಿಸಿ 2002ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ನನಗೆ ಇದಕ್ಕಿಂತ ಮುಖ್ಯವೆನಿಸುತ್ತದೆ. ಒಂದು ವರ್ಷ ಮೀರಿ ನಡೆದ ಸಂಬಂಧಗಳಲ್ಲಿ ಪ್ರಯೋಜನ ಎಲ್ಲಕ್ಕಿಂತ ಹೆಚ್ಚಿತ್ತು. ಮೂರೇ ತಿಂಗಳೊಳಗೆ ಮುರಿದುಬಿದ್ದಲ್ಲಿ ಮಕ್ಕಳಿಗೆ ತಮ್ಮ ಬಗ್ಗೆ ತಮಗಿದ್ದ ಗೌರವವೇ, ಮಾರ್ಗದರ್ಶಕರೇ ಇಲ್ಲದವರಿಗೆ ಹೋಲಿಸಿದರೂ, ಹೆಚ್ಚು ಕುಗ್ಗಿತ್ತು. ಅಂದರೆ ಅರ್ಧಕ್ಕೆ ಬಿಟ್ಟ ಉಪಕಾರ ಅಪಕಾರವಾಗಬಲ್ಲದು.

ಈ ಮಾತು ನನ್ನ ಅನುಭವಕ್ಕೂ ಬಂದಿದೆ. ಹಲವು ವರ್ಷಗಳ ಹಿಂದೆ ಎಂಟನೇ ತರಗತಿಯ ಒಬ್ಬ ಹುಡುಗನನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೋಡಿಕೊಂಡು, ಅಡಿಕೆ ಕೊಯ್ಲು ಶುರುವಾದೊಡನೆ ತೋಟದ ಕೆಲಸದ ನೆಪದಲ್ಲಿ ಹೋಗುವುದನ್ನು ನಿಲ್ಲಿಸಿಬಿಟ್ಟೆ. ಹೇಳಿಯೂ ಹೋಗಲಿಲ್ಲ. ಅವನು ನಾಲ್ಕು ಶನಿವಾರ ಗೇಟಿನ ಹತ್ತಿರ ಕುಳಿತಿದ್ದನೆಂದು ವಾರ್ಡನ್ ಬಹಳ ದಿನದ ಮೇಲೆ ತಿಳಿಸಿದರು. ಆ ತಪ್ಪು ನನ್ನದೇ, ಅದನ್ನು ಇಂದಿಗೂ ಮರೆತಿಲ್ಲ.

ಇನ್ನು ಶಿಕ್ಷಕನಲ್ಲ ಎಂಬ ನಿಮ್ಮ ಅಳುಕಿನ ವಿಚಾರ. ಮಲೆನಾಡಿನಲ್ಲಿ ಮಕ್ಕಳು ಹಾಸ್ಟೆಲ್ ಸೇರುವುದು ಬಹುಮಟ್ಟಿಗೆ ಊರಿನ ನೆಲೆಯಿಂದಾಗಿಯೇ: ಗುಡ್ಡದ ಈಚೆಗೊಂದು, ಆಚೆಗೊಂದು ಮನೆ, ಹೈಸ್ಕೂಲು ಇರುವುದು ಹೋಬಳಿ ಕೇಂದ್ರದಲ್ಲಿ, ಸಂಜೆಯ ಬಸ್ಸು ತಪ್ಪಿದರೆ ಕಾಡಿನ ದಾರಿ. ಹಾಸ್ಟೆಲ್ಲಿನಲ್ಲಿ ಅನ್ನ, ಪಾಠ, ವಾರ್ಡನ್ ಎಲ್ಲ ಇರುತ್ತಾರೆ, ಆದರೆ ತನ್ನೊಬ್ಬನಿಗಾಗಿಯೇ ಬರುವ ಹಿರಿಯರೊಬ್ಬರು ಇರುವುದಿಲ್ಲ. ನೀವು ತುಂಬಬೇಕಾದ ಜಾಗ ಅದು. ಟ್ಯೂಷನ್ ಮಾಡಲು ಹೊರಟರೆ ಆ ಜಾಗ ಖಾಲಿಯಾಗಿಯೇ ಉಳಿಯುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ಒಂಬತ್ತನೇ ತರಗತಿಯ ಹುಡುಗನೊಬ್ಬ ಆರು ವಾರ ನನ್ನೆದುರು ಕುಳಿತು ಹೂಂ, ಉಹೂಂ ಬಿಟ್ಟು ಬೇರೆ ಮಾತೇ ಆಡಲಿಲ್ಲ. ದೀಪಾವಳಿಗೆ ಊರಿಗೆ ಹೋಗಿ ಬಂದವನ ಎರಡೂ ಕೈ ಚೊಗರು ಹತ್ತಿ ಕಪ್ಪಾಗಿತ್ತು, ಅದನ್ನು ಮುಚ್ಚಲು ಕೈಯನ್ನು ಬೆಂಚಿನ ಕೆಳಗೆ ಇಟ್ಟುಕೊಂಡಿದ್ದ. ಅಮ್ಮನ ಜೊತೆ ಅಡಿಕೆ ಸುಲಿಯಲು ಹೋಗಿದ್ದೆಯಾ ಎಂದು ಕೇಳಿ, ಮೆಟ್ಟುಗತ್ತಿಯನ್ನು ಹೇಗೆ ಹಿಡಿಯುತ್ತಾರೆಂದು ನಾನೇ ತೋರಿಸಹೋದೆ. ಅವನು ತಡೆಯಲಾರದೆ, “ಹಂಗಲ್ಲ ಸರ್, ಹಂಗೆ ಹಿಡಿದ್ರೆ ಬೆರಳು ಹೋಗ್ತದೆ” ಎಂದ. ಅನಂತರ ಎಳೆಯ ಕಾಯಿ ಯಾವುದು, ಬಲಿತು ಗೊರಬಲಾಗುವುದು ಯಾವುದು, ಡಬ್ಬದ ಲೆಕ್ಕದಲ್ಲಿ ಅಮ್ಮನಿಗೆ ಕೂಲಿ ಎಷ್ಟು ಬರುತ್ತದೆ ಎಂದೆಲ್ಲ ಮುಕ್ಕಾಲು ಗಂಟೆ ನನಗೆ ಪಾಠ ಮಾಡಿದ. ಅವನಿಗೆ ತಲೆನೋವಾಗಿದ್ದ ಶೇಕಡಾವಾರು ಲೆಕ್ಕವನ್ನು ನಾವು ಆಮೇಲೆ ಮಾಡಿದ್ದು ಅದೇ ಡಬ್ಬಗಳ ಮೇಲೆ. ಮಗುವಿಗೆ ಗೊತ್ತಿರುವುದನ್ನು ಮೊದಲು ಕೇಳಿಸಿಕೊಳ್ಳಿ. ನಿಮಗೆ ಗೊತ್ತಿರುವುದನ್ನು ಹೇಳುವ ಕಾಲ ತಾನಾಗಿ ಬರುತ್ತದೆ.

ಬ್ಯಾಂಕಿನಲ್ಲಿದ್ದವರಿಗೆ ಆ ಕಾಲ ಬೇಗ ಬರುತ್ತದೆಂದೇ ನನ್ನ ಅಂದಾಜು. ಈ ಮಕ್ಕಳ ಮನೆಗಳಲ್ಲಿ ಅರ್ಜಿ, ದಾಖಲೆ, ಕೊನೆಯ ದಿನಾಂಕ ಎಂದರೆ ದೊಡ್ಡ ಭಯ. ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ, ವಿದ್ಯಾರ್ಥಿವೇತನದ ಅರ್ಜಿ, ಇವುಗಳಲ್ಲಿ ಒಂದು ತಪ್ಪಿದರೂ ವರ್ಷದ ಹಣ ಹೋಗುತ್ತದೆ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೇ ತರಗತಿಯ ಮಕ್ಕಳು ಎನ್‌ಎಂಎಂಎಸ್ ಎಂಬ ವಿದ್ಯಾರ್ಥಿವೇತನದ ಪರೀಕ್ಷೆ ಬರೆದು ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ಎಂಟನೇ ತರಗತಿ ದಾಟಿದ ಮೇಲೆ ಆ ಬಾಗಿಲು ಮುಚ್ಚುತ್ತದೆ. ಎಸ್‌ಎಸ್‌ಎಲ್‌ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿರುವುದರಿಂದ, ಮೊದಲನೆಯದರಲ್ಲಿ ಒಂದು ವಿಷಯ ಉಳಿದರೂ ಅದೇ ವರ್ಷ ಪೂರೈಸಿಕೊಳ್ಳಬಹುದೆಂದು ಫಲಿತಾಂಶದ ದಿನ ಸಮಾಧಾನದಿಂದ ಹೇಳುವವರೊಬ್ಬರು ಬೇಕು. ಐಟಿಐ, ಡಿಪ್ಲೊಮಾ, ಪಿಯುಸಿ ಎಂಬ ಮೂರು ದಾರಿಗಳ ಖರ್ಚು ಮತ್ತು ಅವಧಿಯನ್ನು ತಂದೆತಾಯಿಯರ ಜೊತೆ ಕುಳಿತು ವಿವರಿಸುವುದೂ ನಿಮ್ಮಿಂದ ಆಗುವ ಕೆಲಸ. ಆರಿಸುವುದು ಮಾತ್ರ ಅವರಿಗೇ ಸೇರಿದ್ದು.

ಆರಂಭಿಸುವ ಕ್ರಮ ಸರಳವಾಗಿದೆ. ಹಾಸ್ಟೆಲ್ ಆದರೆ ನಿಲಯ ಮೇಲ್ವಿಚಾರಕರನ್ನು ಕಂಡು, ಅವರ ಇಲಾಖೆಯ ತಾಲ್ಲೂಕು ಅಧಿಕಾರಿಗಳಿಂದ ಲಿಖಿತ ಅನುಮತಿ ಪಡೆಯಿರಿ. ಶಾಲೆಯಾದರೆ ಮುಖ್ಯ ಶಿಕ್ಷಕರು ಮತ್ತು ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ). ಪಾಲನಾ ಸಂಸ್ಥೆಗಳಲ್ಲಿರುವ ಮಕ್ಕಳಿಗಾಗಿ ಶಿವಮೊಗ್ಗದ ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನು ಸಂಪರ್ಕಿಸಬೇಕು. ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರವೂ ಭೇಟಿಗೆ ಒಳ್ಳೆಯ ಜಾಗ. ಯಾರೂ ಕೇಳದಿದ್ದರೂ ಪೊಲೀಸ್ ಪರಿಶೀಲನಾ ಪತ್ರವನ್ನು ನೀವಾಗಿಯೇ ಮಾಡಿಸಿ ಕೊಡಿ, ಸೇವಾಸಿಂಧು ಮೂಲಕ ಅದಕ್ಕೆ ಅರ್ಜಿ ಹಾಕಬಹುದು. ತಂದೆತಾಯಿಯರನ್ನು ಒಮ್ಮೆಯಾದರೂ ಭೇಟಿಯಾಗಿ ಅವರ ಒಪ್ಪಿಗೆ ಪಡೆಯಬೇಕು.

ಭೇಟಿ ಯಾವಾಗಲೂ ನಾಲ್ಕು ಜನರ ಕಣ್ಣಿಗೆ ಕಾಣುವ ಜಗುಲಿಯಲ್ಲೋ ಬಾಗಿಲು ತೆರೆದ ಕೋಣೆಯಲ್ಲೋ ಆಗಲಿ. ಮಗುವನ್ನು ಒಬ್ಬಂಟಿಯಾಗಿ ಬೈಕಿನಲ್ಲಿ ಕರೆದೊಯ್ಯುವುದು, ಮನೆಗೆ ಕರೆಯುವುದು, ಕೈಗೆ ಹಣ ಕೊಡುವುದು, ಫೋಟೊ ತೆಗೆದು ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ ಹಾಕುವುದು ಬೇಡ. ಇವು ನಿಮ್ಮ ಮೇಲಿನ ಅನುಮಾನದಿಂದ ಹುಟ್ಟಿದ ಕಟ್ಟುಪಾಡುಗಳೆಂದು ದಯವಿಟ್ಟು ಭಾವಿಸಬಾರದು. ಒಳ್ಳೆಯ ಹಿರಿಯರು ಹೀಗೆಯೇ ನಡೆದುಕೊಳ್ಳುತ್ತಾರೆಂದು ಮಗು ಕಲಿತರೆ, ಹಾಗೆ ನಡೆದುಕೊಳ್ಳದವರನ್ನು ಅದು ಗುರುತಿಸಬಲ್ಲದು. ಹಾಗೆಯೇ, ಯಾರಿಗೂ ಹೇಳುವುದಿಲ್ಲ ಎಂಬ ಭಾಷೆಯನ್ನು ಎಂದೂ ಕೊಡಬೇಡಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ಗೊತ್ತಾದರೆ, 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಪೊಲೀಸರಿಗೆ ತಿಳಿಸುವುದು ಪ್ರತಿಯೊಬ್ಬರಿಗೂ ಕಡ್ಡಾಯ. ತಿಳಿಸದಿದ್ದರೆ ಆರು ತಿಂಗಳವರೆಗೆ ಶಿಕ್ಷೆಯಾಗಬಹುದು. ಹೊಡೆತ, ಬಾಲ್ಯವಿವಾಹದ ಸಿದ್ಧತೆ, ಮನೆಬಿಟ್ಟು ಹೋಗುವ ಮಾತು ಇಂಥವು ಕಿವಿಗೆ ಬಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಯಾವ ಹೊತ್ತಿನಲ್ಲಿ ಬೇಕಾದರೂ ಕರೆ ಮಾಡಬಹುದು.

ದಿನ ಯಾವುದೆಂದರೆ, ಬೆಳಗಿನ ತರಗತಿ ಮುಗಿದಿರುವ ಶನಿವಾರದ ಮಧ್ಯಾಹ್ನ ಅನುಕೂಲ. ಜೂನ್‌ನಲ್ಲಿ ಆರಂಭಿಸಿದರೆ ಮುಂದಿನ ತಿಂಗಳೇ ಮಲೆನಾಡಿನ ಮಳೆ ನಿಮ್ಮನ್ನು ಪರೀಕ್ಷಿಸುತ್ತದೆ: ಕರೆಂಟು ಇರುವುದಿಲ್ಲ, ರಸ್ತೆಗೆ ಮರ ಬಿದ್ದಿರುತ್ತದೆ. ನಿಜವಾಗಿಯೂ ಹೋಗಲಾಗದಿದ್ದರೆ ವಾರ್ಡನ್ ಫೋನಿಗೆ ಕರೆ ಮಾಡಿ, ಮಗುವಿನ ಹತ್ತಿರವೇ ಮಾತನಾಡಿ, ಬರಲಾಗದ ಕಾರಣವನ್ನೂ ಬರುವ ದಿನವನ್ನೂ ಹೇಳಿ. ಆಷಾಢದ ಮಳೆಯಲ್ಲಿ ಕೊಡೆ ಹಿಡಿದು ಬಂದವರನ್ನು ಮಕ್ಕಳು ನಂಬುತ್ತಾರೆ. ಮುಂದಿನ ವರ್ಷ ಮುಂದುವರಿಸಲು ಆಗದೆಂದು ಗೊತ್ತಾದರೆ ಅದನ್ನು ಜನವರಿಯಲ್ಲೇ ತಿಳಿಸಿ, ಕೊನೆಯ ಭೇಟಿಯ ದಿನವನ್ನು ಇಬ್ಬರೂ ಸೇರಿ ಗೊತ್ತುಮಾಡಿಕೊಳ್ಳಿ.

ಮೊದಲ ದಿನ ಏನು ಮಾತನಾಡಬೇಕೆಂದು ತೋಚದಿದ್ದರೆ ಒಂದು ಬಿಳಿ ಹಾಳೆ ಮತ್ತು ಪೆನ್ಸಿಲ್ ಒಯ್ಯಿರಿ, ಮಗುವಿಗೆ ತನ್ನ ಮನೆಗೆ ಹೋಗುವ ದಾರಿಯನ್ನು ಬರೆದು ತೋರಿಸಲು ಹೇಳಿ. ಬಸ್ಸಿಳಿದ ಮೇಲೆ ಎಷ್ಟು ನಡೆಯಬೇಕು, ಹಳ್ಳದ ಸಂಕ (ಕಾಲುಸೇತುವೆ) ಎಲ್ಲಿ ದಾಟಬೇಕು, ಯಾರ ಮನೆಯ ನಾಯಿ ಅಟ್ಟಿಸಿಕೊಂಡು ಬರುತ್ತದೆ ಎಂದು ಒಂದೊಂದನ್ನೇ ಕೇಳಿ. ಆ ಹಾಳೆಯನ್ನು ಜೋಪಾನವಾಗಿಟ್ಟುಕೊಂಡು ಮುಂದಿನ ಶನಿವಾರ ಮತ್ತೆ ಒಯ್ಯಿರಿ. ಮಾತು ಅಲ್ಲಿಂದಲೇ ಮುಂದುವರಿಯುತ್ತದೆ.