ಸೌಂಡ್ ಕಾರ್ಡ್ ಬದಲಿಸಿದರೆ ಪ್ಲಗಿನ್ ಲೈಸೆನ್ಸ್ ಹೋಗ್ತದೇನ್ರಿ?

“ಸರ, ಹೊಸಾ ಸೌಂಡ್ ಕಾರ್ಡ್ ತಗೊಂಡೀನ್ರಿ. ಹಳೀ ಕಾರ್ಡಿನ್ಯಾಗಿರೋ ಪ್ಲಗಿನ್ ಲೈಸೆನ್ಸ್ ಹೊಸಾದಕ್ಕ ಹ್ಯಾಂಗ್ ಹಾಕೂದ್ರಿ? ಹಳೀದು ಮಾರಿದ್ರ ಅದರ ಜೋಡೀನ ಹೋಗ್ತಾವೇನ್ರಿ?”

ಈ ಸಲ ಕೇಳಿದವರು ಆಳಂದದವರು. ಹುಮನಾಬಾದ್, ಸುರಪುರ, ಶಹಾಪುರದಿಂದಲೂ ಇದೇ ಪ್ರಶ್ನೆ ಬರುತ್ತಲೇ ಇದೆ. ಎಷ್ಟು ಸಲ ಉತ್ತರಿಸಿದರೂ ಮತ್ತೆ ಚಿಗುರುತ್ತದೆ, ಆದ್ದರಿಂದ ಈ ಸಲ ಬೇರಿಗೇ ಕೈ ಹಾಕೋಣ. ಪ್ಲಗಿನ್ ಎಂದರೆ ರೆಕಾರ್ಡಿಂಗ್ ಸಾಫ್ಟ್‌ವೇರಿನೊಳಗೆ ಸೇರಿಕೊಂಡು ಧ್ವನಿ ತಿದ್ದುವ ಸಣ್ಣ ಸಾಫ್ಟ್‌ವೇರ್, ಲೈಸೆನ್ಸ್ ಎಂದರೆ ಅದನ್ನು ಬಳಸಲು ಕೊಂಡ ಪರವಾನಗಿ.

ನಿಮ್ಮದು ಸ್ಕಾರ್ಲೆಟ್, ಎಂ-ಆಡಿಯೋ, ಬೆಹ್ರಿಂಗರ್ ಥರದ ಸಾಮಾನ್ಯ ಯುಎಸ್‌ಬಿ ಕಾರ್ಡ್ ಆಗಿದ್ದರೆ ವರ್ಗಾಯಿಸಲು ಏನೂ ಇಲ್ಲ. ಹಳೆಯದನ್ನು ತೆಗೆಯಿರಿ, ಹೊಸದರ ಡ್ರೈವರ್ ಹಾಕಿ, ಕಾರ್ಡ್ ಹಚ್ಚಿ, ರೆಕಾರ್ಡಿಂಗ್ ಸಾಫ್ಟ್‌ವೇರಿನ ಆಡಿಯೋ ಸೆಟ್ಟಿಂಗಿನಲ್ಲಿ ಹೊಸ ಕಾರ್ಡಿನ ಹೆಸರು ಆರಿಸಿ. ಇಷ್ಟೇ ಕೆಲಸ.

ಇಷ್ಟು ಹೇಳಿದರೆ ಯಾರೂ ನಂಬುವುದಿಲ್ಲ. “ಅಂಗಡಿಯವರು ಲೈಸೆನ್ಸ್ ಕಾರ್ಡಿನ್ಯಾಗ ಇರ್ತದ ಅಂದ್ರು” ಎಂಬ ಮಾತು ಬಂದೇ ಬರುತ್ತದೆ. ಕಾರ್ಡಿನೊಳಗೆ ಏನಿರುತ್ತದೆ ನೋಡಿ: ಮೈಕಿನ ಸಣ್ಣ ಸಿಗ್ನಲ್ ಹಿಗ್ಗಿಸುವ ಪ್ರೀಆಂಪ್, ಅದನ್ನು ಅಂಕಿಗಳಾಗಿ ಮಾಡುವ ಕನ್ವರ್ಟರ್, ಅಂಕಿಗಳನ್ನು ಮತ್ತೆ ಧ್ವನಿಯಾಗಿಸುವ ಇನ್ನೊಂದು ಕನ್ವರ್ಟರ್, ಯುಎಸ್‌ಬಿ ಚಿಪ್, ಗಡಿಯಾರ, ಇವೆಲ್ಲ ನಡೆಯಲು ಬೇಕಾದ ಫರ್ಮ್‌ವೇರ್. ನೀವು ಕೊಂಡ ಕಂಪ್ರೆಸರ್, ರಿವರ್ಬ್‌ನಂಥ ಪ್ಲಗಿನ್ ಅಲ್ಲಿ ಇಲ್ಲ. ಅವು ಕಂಪ್ಯೂಟರಿನ ಸಿ ಡ್ರೈವಿನಲ್ಲಿ, ಪ್ರೋಗ್ರಾಮ್ ಫೈಲ್ಸ್ ಒಳಗಿನ ಕಾಮನ್ ಫೈಲ್ಸ್, ಅದರೊಳಗಿನ ವಿಎಸ್‌ಟಿ3 ಫೋಲ್ಡರಿನಲ್ಲಿ ಕೂತಿವೆ. ಅವನ್ನು ಓಡಿಸುವುದು ಕಂಪ್ಯೂಟರಿನ ಪ್ರೊಸೆಸರ್. ಕಾರ್ಡಿಗೆ ಮುಟ್ಟುವುದು ಕೊನೆಗೆ ಹೊರಬಂದ ಧ್ವನಿ ಮಾತ್ರ.

ಇನ್ನೂ ಅನುಮಾನವಿದ್ದರೆ ಕೈಯಾರೆ ಪರೀಕ್ಷೆ ಮಾಡಿ. ಸಾಫ್ಟ್‌ವೇರ್ ಮುಚ್ಚಿ, ಕಾರ್ಡಿನ ವಯರ್ ಕಿತ್ತು ಬದಿಗಿಡಿ. ನಿಮ್ಮ ರೆಕಾರ್ಡಿಂಗ್ ಸಾಫ್ಟ್‌ವೇರ್ ಕ್ಯೂಬೇಸ್ ಇದ್ದರೆ ಜೆನೆರಿಕ್ ಲೋ ಲೇಟೆನ್ಸಿ ಡ್ರೈವರ್ ಆರಿಸಿ, ರೀಪರ್ ಇದ್ದರೆ ವಾಸಾಪಿ (WASAPI). ಲ್ಯಾಪ್‌ಟಾಪಿನದೇ ಸ್ಪೀಕರಿನಲ್ಲಿ ಹಳೆಯ ಪ್ರಾಜೆಕ್ಟ್ ತೆರೆಯಿರಿ. ಪ್ಲಗಿನ್ ಎಲ್ಲವೂ ಮೊದಲಿನಂತೆ ತೆರೆದುಕೊಳ್ಳುತ್ತವೆ. ಲೈಸೆನ್ಸ್ ಕಾರ್ಡಿನಲ್ಲಿದ್ದರೆ ಇದು ಸಾಧ್ಯವಿತ್ತೇ?

ಹಾಗಾದರೆ ಈ ನಂಬಿಕೆ ಎಲ್ಲಿಂದ ಬಂತು? ಒಂದು ಕಾಲಕ್ಕೆ ಇದರಲ್ಲಿ ಸತ್ಯವಿತ್ತು. 2010ರಲ್ಲಿ ಪ್ರೋ ಟೂಲ್ಸ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರಿನ 9ನೇ ಆವೃತ್ತಿ ಬರುವವರೆಗೆ, ಕಂಪನಿ ಒಪ್ಪಿದ ಹಾರ್ಡ್‌ವೇರ್ ಹಚ್ಚದಿದ್ದರೆ ಆ ಸಾಫ್ಟ್‌ವೇರ್ ತೆರೆಯುತ್ತಲೇ ಇರಲಿಲ್ಲ. ಆಗ ಕಲಿತವರು ಅದನ್ನೇ ಮುಂದಿನವರಿಗೆ ಕಲಿಸಿದರು.

ನಮ್ಮ ಕಡೆ ಇದಕ್ಕಿಂತ ದೊಡ್ಡ ಕಾರಣ ಮದರ್‌ಬೋರ್ಡ್. ಬೇಸಿಗೆಯ ಗುಡುಗು-ಮಳೆಯಲ್ಲಿ ಕರೆಂಟ್ ಏರಿಳಿತವಾಗಿ ಡೆಸ್ಕ್‌ಟಾಪಿನ ಬೋರ್ಡ್ ಸುಡುತ್ತದೆ. ಅದರಲ್ಲಿರುವ ಸೌಂಡ್ ಚಿಪ್ಪೂ ಹೋಗಿರುತ್ತದೆ. ರಿಪೇರಿಯವರು ಹೊಸ ಬೋರ್ಡ್ ಹಾಕಿ, ವಿಂಡೋಸ್ ಹೊಸದಾಗಿ ಹಾಕಿ ಕೊಡುತ್ತಾರೆ. ಮನೆಗೆ ತಂದು ನೋಡಿದರೆ ಪ್ಲಗಿನ್ ಲೈಸೆನ್ಸ್ ಕೇಳುತ್ತಿವೆ. “ಸೌಂಡ್ ಕಾರ್ಡ್ ಬದಲಾಯ್ತು, ಲೈಸೆನ್ಸ್ ಹೋಯ್ತು” ಎಂದು ಊರೆಲ್ಲ ಸುದ್ದಿ. ಆದದ್ದೇ ಬೇರೆ. ಕಂಪ್ಯೂಟರಿಗೆ ಕಟ್ಟಿದ ಲೈಸೆನ್ಸ್ ಆ ಯಂತ್ರದ ಗುರುತನ್ನು ನೋಡಿಕೊಳ್ಳುತ್ತದೆ. ಬೋರ್ಡ್ ಬದಲಾದಾಗ ಗುರುತು ಬದಲಾಗುತ್ತದೆ, ಲೈಸೆನ್ಸ್ ಪಾಲಿಗೆ ಅದು ಪರರ ಕಂಪ್ಯೂಟರ್.

ಆದ್ದರಿಂದ ಕೇಳಬೇಕಾದ ಪ್ರಶ್ನೆ ಕಾರ್ಡಿನದಲ್ಲ, “ಈ ಲೈಸೆನ್ಸಿನ ಮನೆ ಯಾವುದು” ಎಂಬುದು. ಐಲಾಕ್ ಎಂಬ ಲೈಸೆನ್ಸ್ ವ್ಯವಸ್ಥೆ ಬಳಸುವ ಪ್ಲಗಿನ್ ಆದರೆ ಮನೆ ಮೂರರಲ್ಲಿ ಒಂದು: ಕಂಪ್ಯೂಟರ್, ಐಲಾಕ್ ಯುಎಸ್‌ಬಿ ಕೀಲಿ, ಇಲ್ಲವೇ ಕ್ಲೌಡ್. ಐಲಾಕ್ ಲೈಸೆನ್ಸ್ ಮ್ಯಾನೇಜರ್ ತೆರೆದು ಲಾಗಿನ್ ಆಗಿ, ಲೈಸೆನ್ಸಿನ ಮೇಲೆ ಬಲ ಕ್ಲಿಕ್ ಮಾಡಿ ಡಿಆಕ್ಟಿವೇಟ್ ಒತ್ತಿ, ಹೊಸ ಯಂತ್ರದಲ್ಲಿ ಮತ್ತೆ ಆಕ್ಟಿವೇಟ್ ಮಾಡಿ. ಕೀಲಿಯಲ್ಲೇ ಇದ್ದರೆ ಕಿತ್ತು ಹೊಸ ಯಂತ್ರಕ್ಕೆ ಚುಚ್ಚಿದರಾಯಿತು. ಕ್ಲೌಡ್ ಆರಿಸಿಕೊಂಡರೆ ಕೆಲಸ ನಡೆಯುವಷ್ಟು ಹೊತ್ತೂ ನೆಟ್ ಬೇಕು. ಹಳ್ಳಿಗೆ ಹೋಗಿ ಭಜನಾ ಮಂಡಳಿಯವರ ತತ್ವಪದ ರೆಕಾರ್ಡ್ ಮಾಡುವವರು ಇದನ್ನು ನೆಚ್ಚಬೇಡಿ, ಕೀಲಿಯೇ ಲೇಸು.

ವೇವ್ಸ್ ಕಂಪನಿಯ ಪ್ಲಗಿನ್ ಆದರೆ ವೇವ್ಸ್ ಸೆಂಟ್ರಲ್ ತೆರೆದು, ಲೈಸೆನ್ಸುಗಳನ್ನು ಕಂಪ್ಯೂಟರಿನಿಂದ ಕ್ಲೌಡಿಗೆ ಕಳಿಸಿ, ಹೊಸ ಯಂತ್ರದಲ್ಲಿ ಇಳಿಸಿಕೊಳ್ಳಿ. ಸಾದಾ ಪೆನ್‌ಡ್ರೈವಿನಲ್ಲೂ ಇಡಬಹುದು, ಆದರೆ ಆ ಪೆನ್‌ಡ್ರೈವನ್ನು ಮದುವೆ ವಿಡಿಯೋ ಕಾಪಿ ಮಾಡಲು ಯಾರಿಗೂ ಕೊಡಬೇಡಿ. ಫಾರ್ಮ್ಯಾಟ್ ಆದರೆ ಲೈಸೆನ್ಸೂ ಅಳಿಯುತ್ತದೆ. ಯಂತ್ರ ಸುಟ್ಟು ಕ್ಲೌಡಿಗೆ ಕಳಿಸಲು ಆಗದಿದ್ದರೆ 12 ತಿಂಗಳಿಗೊಮ್ಮೆ ರಿಕವರಿ ಅವಕಾಶವಿದೆ. ಫ್ಯಾಬ್‌ಫಿಲ್ಟರ್‌ನಂಥ ಕಂಪನಿಗಳ ಪ್ಲಗಿನ್ ಆದರೆ ಲೈಸೆನ್ಸ್ ಕೀ (ಅಕ್ಷರ-ಅಂಕಿಗಳ ಸಾಲು) ಒಂದನ್ನು ಅಂಟಿಸಿದರೆ ಮುಗಿಯಿತು.

ಫಾರ್ಮ್ಯಾಟ್‌ಗೆ, ರಿಪೇರಿಗೆ ಕೊಡುವ ಮೊದಲೇ ಡಿಆಕ್ಟಿವೇಟ್ ಮಾಡಿ. ಆಮೇಲೆ ಮಾಡುತ್ತೇನೆಂದರೆ ಆಗ ಯಂತ್ರವೇ ಇರುವುದಿಲ್ಲ. ಐಲಾಕಿನಲ್ಲಿ ಲೈಸೆನ್ಸ್ ಸತ್ತ ಕಂಪ್ಯೂಟರಿನ ಹೆಸರಿನಲ್ಲೇ ಉಳಿದರೆ, ಪ್ಲಗಿನ್ ಕಂಪನಿಗೆ ಬರೆದು ಬಿಡಿಸಿಕೊಳ್ಳಬೇಕಾಗುತ್ತದೆ.

ಈಗ ನಿಜವಾದ ಅಪವಾದ: ಯೂನಿವರ್ಸಲ್ ಆಡಿಯೋ ಕಂಪನಿಯ ಯುಎಡಿ-2 ಎಂಬ ಪ್ಲಗಿನ್ ಓಡಿಸುವ ಸಾಧನ ಮತ್ತು ಅಪೊಲೊ ಸೌಂಡ್ ಕಾರ್ಡ್. ಇವುಗಳೊಳಗೆ ಶಾರ್ಕ್ ಎಂಬ ಡಿಎಸ್‌ಪಿ (ಧ್ವನಿ ಸಂಸ್ಕರಿಸುವ) ಚಿಪ್‌ಗಳಿವೆ: ಸೋಲೋದಲ್ಲಿ 1, ಡ್ಯುಯೋದಲ್ಲಿ 2, ಕ್ವಾಡ್‌ನಲ್ಲಿ 4, ಆಕ್ಟೋದಲ್ಲಿ 8. ಯುಎಡಿ-2 ಪ್ಲಗಿನ್ ಓಡುವುದು ಆ ಚಿಪ್ಪಿನಲ್ಲಿ, ಹಾಗಾಗಿ ಹಾರ್ಡ್‌ವೇರ್ ಇಲ್ಲದೆ ಅದು ನಡೆಯದು. ಹಳೆಯದನ್ನು ಇಟ್ಟುಕೊಂಡು ಹೊಸದು ಕೊಂಡರೆ ಎರಡನ್ನೂ ಒಂದೇ ಖಾತೆಯಲ್ಲಿ ನೋಂದಾಯಿಸಿ, ಆಥರೈಸ್ ಮಾಡಿ. ಕೊಂಡ ಪ್ಲಗಿನ್ ಎರಡರಲ್ಲೂ ನಡೆಯುತ್ತದೆ. ಕ್ವಾಡ್ ಬಿಟ್ಟು ಡ್ಯುಯೋಗೆ ಬಂದವರ ಹಳೆಯ ಪ್ರಾಜೆಕ್ಟಿನಲ್ಲಿ ಕೆಲವು ಪ್ಲಗಿನ್ ಆಫ್ ಆಗಿರುತ್ತವೆ. ಅದು ಲೈಸೆನ್ಸಿನ ತೊಂದರೆಯಲ್ಲ, ಚಿಪ್ಪಿನ ಶಕ್ತಿ ಅರ್ಧಕ್ಕಿಳಿದಿದೆ. ಮುಗಿದ ಟ್ರ್ಯಾಕುಗಳನ್ನು ಫ್ರೀಜ್ ಮಾಡಿ, ಅಂದರೆ ಪ್ಲಗಿನ್ ಹಾಕಿದ ಧ್ವನಿಯನ್ನೇ ಆಡಿಯೋ ಆಗಿ ಉಳಿಸಿ.

ಹೈದರಾಬಾದಿನಿಂದ ಸೆಕೆಂಡ್ ಹ್ಯಾಂಡ್ ಅಪೊಲೊ ತರುವ ಬೀದರಿನವರು ಒಂದು ಮಾತು ಕೇಳಿ. ಮಾರುವವರು ತಮ್ಮ ಖಾತೆಯಿಂದ ಯಂತ್ರವನ್ನು ನಿಮ್ಮ ಹೆಸರಿಗೆ ಬಿಟ್ಟುಕೊಡುವ ಅರ್ಜಿ ಹಾಕದೆ ದುಡ್ಡು ಪೂರ್ತಿ ಎಣಿಸಬೇಡಿ. “ಪ್ಲಗಿನ್ ಎಲ್ಲಾ ಒಳಗ ಅವ” ಎಂಬ ಬಾಯಿಮಾತಿಗೆ ಬೆಲೆಯಿಲ್ಲ. ಸಾಮಾನ್ಯ ಕಾರ್ಡುಗಳ ಡಬ್ಬಿಯಲ್ಲಿ ಬರುವ ಏಬಲ್ಟನ್ ಲೈವ್ ಲೈಟ್‌ನಂಥ ಉಚಿತ ಸಾಫ್ಟ್‌ವೇರ್ ಕೂಡ ಮೊದಲು ನೋಂದಾಯಿಸಿದವರ ಖಾತೆಗೆ ಸೇರಿರುತ್ತದೆ, ಎರಡನೆಯವರಿಗೆ ಸಿಗುವುದಿಲ್ಲ. ಅದಕ್ಕೆಂದು ಹೆಚ್ಚು ಬೆಲೆ ಕೊಡಬೇಡಿ.

ಕಾರ್ಡ್ ಬದಲಿಸಿದಾಗ ನಿಜವಾಗಿ ಕೆಡುವುದು ಯಾರೂ ಕೇಳದ ಇನ್ನೊಂದು: ಶ್ರುತಿ. ಹಳೆಯ ಪ್ರಾಜೆಕ್ಟಿನ ಸ್ಯಾಂಪಲ್ ರೇಟ್, ಅಂದರೆ ಧ್ವನಿಯನ್ನು ಸೆಕೆಂಡಿಗೆ ಎಷ್ಟು ಸಲ ಅಳೆಯುವುದೆಂಬ ಲೆಕ್ಕ, 44.1 ಕಿಲೋಹರ್ಟ್ಜ್ ಇದೆ. ವಿಡಿಯೋ ಕೆಲಸಕ್ಕೆಂದು ಹೊಸ ಕಾರ್ಡನ್ನು 48ಕ್ಕೆ ಇಟ್ಟಿದ್ದೀರಿ, ಸಾಫ್ಟ್‌ವೇರ್ ಎರಡನ್ನೂ ಹೊಂದಿಸಿಕೊಳ್ಳಲಿಲ್ಲ. ಹಾಡು ಸುಮಾರು 8.8 ಶೇಕಡಾ ವೇಗವಾಗಿ ಓಡುತ್ತದೆ, ಶ್ರುತಿ ಹಾರ್ಮೋನಿಯಂನ ಹೆಚ್ಚುಕಡಿಮೆ ಒಂದೂವರೆ ಮನೆ ಏರುತ್ತದೆ. ಕಾಳಿ ಒಂದರಲ್ಲಿ (ಮೊದಲ ಕಪ್ಪು ಮನೆ) ಹಾಡಿದ ವಚನ ಸಫೇದ್ ಎರಡಕ್ಕೂ (ಎರಡನೇ ಬಿಳಿ ಮನೆ) ಕಾಳಿ ಎರಡಕ್ಕೂ ನಡುವೆ ನಿಲ್ಲುತ್ತದೆ. ಹಾರ್ಮೋನಿಯಂನ ಯಾವ ಮನೆ ಒತ್ತಿದರೂ ಕೂಡುವುದಿಲ್ಲ. ಹಾಡಿದವರನ್ನು ಕರೆಸಿ ಮತ್ತೆ ಹಾಡಿಸುವ ಮೊದಲು ಕಾರ್ಡಿನ ಕಂಟ್ರೋಲ್ ಪ್ಯಾನೆಲ್ ತೆರೆದು 44.1 ಮಾಡಿ. ಬದಲಾಗದಿದ್ದರೆ ಹಿಂದೆ ತೆರೆದಿರುವ ಬ್ರೌಸರ್ ಮುಚ್ಚಿ ಮತ್ತೊಮ್ಮೆ ಮಾಡಿ. ಬಹಳ ಸಲ ಕಾರ್ಡನ್ನು ಹಿಡಿದಿಟ್ಟುಕೊಂಡಿರುವುದು ಅದೇ.